ಅರ್ಪಣೆಯ ಪುಟದಲ್ಲಿ ತೀರಿಕೊಂಡವಳು

ಬೀದಿಯವರು ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಹಾಗೆ ಕರೆದು ನಗುವವರಲ್ಲಿ ಎಷ್ಟೋ ಜನರ ನಗುವೇ ಅವಳು ಕಟ್ಟಿಕೊಟ್ಟದ್ದು. ಆದರೆ ಕಟ್ಟಿದ ಹಲ್ಲು ಸರಿಯಾಗಿ ಕೂತರೆ ಜನ ಕಟ್ಟಿದವರನ್ನು ಮರೆತುಬಿಡುತ್ತಾರೆ. ಎಲ್ಲಾದರೂ ಒತ್ತಿದರೆ ಮಾತ್ರ ಹುಡುಕಿಕೊಂಡು ಬಂದು ಬೈಯುತ್ತಾರೆ. ಅವಳು ಕಟ್ಟಿದ ಹಲ್ಲು ಎಲ್ಲೂ ಒತ್ತುತ್ತಿರಲಿಲ್ಲ. ಹಾಗಾಗಿ ಅವಳನ್ನು ಯಾರೂ ಅಷ್ಟಾಗಿ ನೆನಪಿಸಿಕೊಳ್ಳುತ್ತಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿದ್ದ ಉದ್ದನೆಯ ಕೋಣೆಯಲ್ಲಿ. ಅಂಗಳದ ಕಡೆಗೆ ಒಂದೇ ಕಿಟಕಿ, ಅದರ ಕೆಳಗೆ ಸುಟ್ಟ ಕಲೆಗಳ ಮೇಜು, ಮೇಜಿನ ಮೇಲೆ ಸಣ್ಣ ಗ್ಯಾಸಿನ ಉರಿ, ಕೆಂಪು ಮೇಣದ ಹಾಳೆಗಳು, ಮೇಣ ಕೆತ್ತುವ ಚಾಕುಗಳು. ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ಸಂಜೆ ಮನೆಗೆ ಹೊರಡುವಾಗ ಅವಳ ಹುಬ್ಬೂ ಬೆಳ್ಳಗಿರುತ್ತಿತ್ತು. ಬಂದವರ ಬಾಯಿಯ ಅಳತೆ ತೆಗೆಯುವುದು, ಆ ಅಳತೆಗೆ ಪ್ಲಾಸ್ಟರ್ ಹೊಯ್ದು ದವಡೆಯ ಅಚ್ಚು ಮಾಡುವುದು, ಅಚ್ಚಿನ ಮೇಲೆ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸುವುದು, ಇದು ಅವಳ ಕಸುಬು. ಮದುವೆಗೆ ಮುಂಚೆಯೇ ಕಲಿತದ್ದು, ಮದುವೆಯಾದ ಮೇಲೂ ಬಿಡದೆ ಹಿಡಿದುಕೊಂಡದ್ದು.

ಆ ಕೋಣೆಯ ಒಂದು ಗೋಡೆಯ ತುಂಬ ಕಪಾಟು. ಗಿರಾಕಿಗಳ ದವಡೆಯ ಅಚ್ಚುಗಳನ್ನೆಲ್ಲ ಅದರಲ್ಲಿ ಜೋಡಿಸಿಡುತ್ತಿದ್ದರು. ಪ್ರತಿಯೊಂದರ ಹಿಂಬದಿಯಲ್ಲಿ ಚಾಕುವಿನಿಂದ ಗೀಚಿದ ಹೆಸರು. ಹಲ್ಲಿನ ಸೆಟ್ ಮುರಿದರೆ ಆ ಅಚ್ಚಿನ ಮೇಲೆ ತುಂಡುಗಳನ್ನು ಕೂರಿಸಿ ಬೆಸೆಯಬಹುದು; ಅಚ್ಚಿಲ್ಲದಿದ್ದರೆ ಎಲ್ಲ ಮೊದಲಿನಿಂದ. ಜಾಗ ಕಡಿಮೆ, ಬಾಯಿಗಳು ಜಾಸ್ತಿ. ಹಾಗಾಗಿ ಅವಳಿಗೆ ಕೆಲಸ ಕೊಟ್ಟಿದ್ದ ಅಲ್ಲಿಯ ಯಜಮಾನರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಗಿರಾಕಿ ತೀರಿಕೊಂಡ ಸುದ್ದಿ ಬಂದರೆ ಅಚ್ಚನ್ನು ಕೆಳಗಿಳಿಸಿ ಸುತ್ತಿಗೆಯಿಂದ ಒಂದೇ ಏಟಿಗೆ ಒಡೆದು ಬುಟ್ಟಿಗೆ ಹಾಕುವುದು. "ಅಗಿಯೋದೇ ಮುಗಿದ ಮೇಲೆ ಅಚ್ಚು ಯಾಕಮ್ಮಾ?" ಎನ್ನುತ್ತಿದ್ದರು. ಅವರು ಆಡುತ್ತಿದ್ದ ಮಾತೇ ಕಡಿಮೆ, ಅದರಲ್ಲಿ ಇದೊಂದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಪೇಪರಿನಲ್ಲಿ ಸಾವಿನ ಸುದ್ದಿ ಓದಿ ಕಪಾಟಿನಲ್ಲಿ ಹೆಸರು ಹುಡುಕಿ ಒಡೆಯುವ ಕೆಲಸ ಹಲ್ಲಕ್ಕನದು. ಮೊದಮೊದಲು ಎರಡು ಮೂರು ಏಟು ಬೇಕಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಅವಳ ಗಂಡ ಪ್ರೊಫೆಸರ್. ಕಾಲೇಜಿನಲ್ಲಿ ಫ್ರೆಂಚ್ ಸಾಹಿತ್ಯ ಹೇಳಿಕೊಡುತ್ತಿದ್ದ, ಮನೆಯಲ್ಲಿ ಫ್ರೆಂಚರ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಮೊದಲ ಪುಸ್ತಕ ಕ್ರಾಂತಿಯ ಕಾಲದ ಭಾಷಣಕಾರರ ಮೇಲೆ: ಯಾರು ಎಷ್ಟು ಹೊತ್ತು ಮಾತಾಡಿದರು, ಆಮೇಲೆ ಯಾರ ತಲೆ ಯಾವಾಗ ಹೋಯಿತು. ಎರಡನೆಯದು ಫ್ರೆಂಚ್ ಕಾದಂಬರಿಗಳಲ್ಲಿ ಬಡವರು ಎಲ್ಲಿ ಕೂರುತ್ತಾರೆ, ಎಲ್ಲಿ ನಿಂತೇ ಇರುತ್ತಾರೆ ಎಂಬುದರ ಮೇಲೆ. ಮೂರನೆಯದು, ದೇವರನ್ನು ಬಿಟ್ಟುಕೊಟ್ಟ ಫ್ರೆಂಚ್ ಚಿಂತಕರು ಸರ್ಕಾರವನ್ನು ಮಾತ್ರ ಯಾಕೆ ಗಟ್ಟಿಯಾಗಿ ಹಿಡಿದುಕೊಂಡರು ಎಂಬುದರ ಮೇಲೆ. ಆಮೇಲೆ ಇನ್ನೂ ಒಂದೆರಡು ಬಂದವು. ಓದಿದವರು ಚೆನ್ನಾಗಿವೆ ಎನ್ನುತ್ತಿದ್ದರು, ಮತ್ತು ಅವು ನಿಜವಾಗಿಯೂ ಚೆನ್ನಾಗಿದ್ದವು. ಸಮಾನತೆಯ ಬಗ್ಗೆ ಅವನಷ್ಟು ಸ್ಪಷ್ಟವಾಗಿ ಬರೆದವರು ಕಡಿಮೆ. ಬರೆದು ಮುಗಿಸಿ ಕುರ್ಚಿಯಲ್ಲಿ ಕೂತಲ್ಲಿಂದಲೇ "ನೀರು" ಎನ್ನುತ್ತಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಪ್ರೂಫ್ ಬಂದಾಗ ಮಾತ್ರ ಗಂಡಹೆಂಡತಿ ಎದುರುಬದುರು ಕೂರುತ್ತಿದ್ದರು. ಅವಳು ಕೈಬರಹದ ಹಾಳೆ ಹಿಡಿದು ಜೋರಾಗಿ ಓದಬೇಕು, ಅವನು ಪ್ರೂಫಿನ ಮೇಲೆ ಪೆನ್ಸಿಲ್ ಓಡಿಸಿ ತಪ್ಪು ಹಿಡಿಯಬೇಕು. ಬರೀ ಮಾತಲ್ಲ, ಚಿಹ್ನೆಗಳನ್ನೂ ಓದಬೇಕು. "ಜನತೆ ಅಲ್ಪವಿರಾಮ ತನ್ನ ಹೆಸರಿನಲ್ಲಿ ತಾನೇ ಕೊಂದ ಜನರನ್ನು ಅಲ್ಪವಿರಾಮ ಮರೆಯಿತು ಪೂರ್ಣವಿರಾಮ." ಫ್ರೆಂಚ್ ಪದ ಬಂದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ಆ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಕಲಿಸಿ ಎಂದು ಒಮ್ಮೆ ಕೇಳಿದಾಗ ಅವನು, "ಅರ್ಥ ಗೊತ್ತಾದ್ರೆ ನೀನು ಅರ್ಥ ಓದ್ತೀಯ, ಅಕ್ಷರ ಬಿಟ್ಟುಬಿಡ್ತೀಯ. ಹೀಗೇ ಇರು," ಎಂದಿದ್ದ. ಅವಳು ಹಾಗೇ ಇದ್ದಳು. ಅವನ ಅಷ್ಟೂ ಪುಸ್ತಕ ಅವಳ ಬಾಯಿಂದ ಒಮ್ಮೆ ಹೊರಟೇ ಊರಿಗೆ ಹೋದವು.

ಇನ್ನು ಅವನ ಹಲ್ಲು. ಐವತ್ತು ದಾಟುವಷ್ಟರಲ್ಲಿ ಒಸಡು ಕೆಟ್ಟು ಮೇಲಿನ ಸಾಲು ಪೂರ್ತಿ ಹೋಯಿತು. ಹೆಂಡತಿ ಕೈಯಲ್ಲಿ ಹಲ್ಲು ಕಟ್ಟಿಸಿಕೊಳ್ಳುವುದು ನಾಚಿಕೆಯೆಂದು ಮೊದಲು ಬೇರೆ ಕಡೆ ಮಾಡಿಸಿದ. ಆ ಸೆಟ್ ಹಾಕಿಕೊಂಡು ಕ್ಲಾಸಿಗೆ ಹೋದವನು ಮುಖ ಕಪ್ಪಿಟ್ಟುಕೊಂಡು ವಾಪಸ್ ಬಂದ. ಊಟಕ್ಕೆ ತೊಂದರೆಯಿರಲಿಲ್ಲ, ಆದರೆ ಫ್ರೆಂಚ್ ಮಾತಾಡಿದರೆ ಸೀಟಿ ಹೊಡೆಯುತ್ತಿತ್ತು. ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದರಂತೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಅವಳು ತಮಾಷೆ ಮಾಡಲು ಹೋಗಿ ಅವನ ಕಣ್ಣು ನೋಡಿ ಸುಮ್ಮನಾದಳು. ಆಮೇಲೆ ತಾನೇ ಕೂತು ಕಟ್ಟಿದಳು. ಮುಂದಿನ ಹಲ್ಲನ್ನು ಮೇಣದಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ತಳ್ಳುವುದು, ಅವನ ಬಾಯಿಗಿಡುವುದು, "ಹೇಳಿ ನೋಡೋಣ" ಎನ್ನುವುದು, ತಲೆಯಾಡಿಸಿ ಮತ್ತೆ ತೆಗೆಯುವುದು. ಎಷ್ಟು ದಿನ ಹಾಗೆ ಮಾಡಿದಳೋ. ಕೊನೆಗೆ ಒಂದು ಸಂಜೆ ಅವನು ಕನ್ನಡಿ ಮುಂದೆ ನಿಂತು ಉದ್ದನೆಯ ಫ್ರೆಂಚ್ ವಾಕ್ಯವೊಂದನ್ನು ಸರಾಗವಾಗಿ ಹೇಳಿದ. ಅರ್ಥವಾಗದಿದ್ದರೂ ಅವಳಿಗೆ ಅಳು ಬಂತು. ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದ.

ಇಷ್ಟೆಲ್ಲ ಮಾಡಿದವಳಿಗೆ ಒಂದೇ ಒಂದು ಆಸೆಯಿತ್ತು, ಅದೂ ದೊಡ್ಡದಲ್ಲ. ಒಂದು ಪುಸ್ತಕದ ಮೊದಲ ಪುಟದಲ್ಲಿ, "ಇವರಿಗೆ ಅರ್ಪಣೆ" ಎಂದು ಬರೆಯುತ್ತಾರಲ್ಲ, ಅಲ್ಲಿ ತನ್ನ ಹೆಸರು ಬರಬೇಕು.

ಅದಕ್ಕೆ ಅಡ್ಡ ಬಂದದ್ದು ಪ್ರೊಫೆಸರನ ನಿಯಮ. ಮೊದಲ ಪುಸ್ತಕವನ್ನು ಅವನು ಜೀವದ ಗೆಳೆಯನಿಗೆ ಅರ್ಪಿಸಿದ್ದ. ಆ ಗೆಳೆಯ ಅದೇ ಪುಸ್ತಕವನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಹರಿದುಹಾಕಿದ. ಅಂದಿನಿಂದ ಪ್ರೊಫೆಸರ್ ಸತ್ತವರಿಗೆ ಮಾತ್ರ ಅರ್ಪಿಸುತ್ತಿದ್ದ. "ಬದುಕಿರೋರನ್ನ ನಂಬಕ್ಕಾಗಲ್ಲ. ಯಾವಾಗ ಏನು ಮಾಡ್ತಾರೋ. ಸತ್ತೋರು ಹಾಗಲ್ಲ, ಇಟ್ಟ ಕಡೆ ಇರ್ತಾರೆ." ಹೀಗೆ ಎರಡನೆಯದು ತಂದೆಯ ನೆನಪಿಗೆ ಹೋಯಿತು, ಮೂರನೆಯದು ತಾಯಿಯ ನೆನಪಿಗೆ, ಅದರ ಮುಂದಿನದು ಗುರುಗಳ ನೆನಪಿಗೆ. ಅದಾದ ಮೇಲಿನದು ಬೆಕ್ಕಿಗೆ. ಹೌದು, ಬೆಕ್ಕಿಗೆ. ಹಸ್ತಪ್ರತಿಯ ಮೇಲೆ ಮಲಗುತ್ತಿದ್ದ ಮುದಿ ಬೆಕ್ಕು ಸತ್ತಿತ್ತು. ಅದಕ್ಕೆ ಹಾಲಿಟ್ಟವಳು, ಅದರ ಹೇಸಿಗೆ ಬಳಿದವಳು ಹಲ್ಲಕ್ಕ. ಆ ಪುಟ ನೋಡಿದ ದಿನ ಅವಳು ಮೊದಲ ಸಲ ಬಾಯಿಬಿಟ್ಟು ಕೇಳಿದಳು, "ರೀ, ನನಗೆ ಯಾವಾಗ?"

ಪ್ರೊಫೆಸರ್ ನಕ್ಕ. "ಅವಸರ ಯಾಕೆ? ನಿನ್ನ ಸರದಿನೂ ಬರತ್ತೆ."

ಒಳಕೋಣೆಯಲ್ಲಿದ್ದ ನಾದಿನಿಯೂ ನಕ್ಕಳು. ಪ್ರೊಫೆಸರನ ತಂಗಿ ಅವಳು. ಗಂಡನ ಮನೆ ಬಿಟ್ಟು ಬಂದು ಅಣ್ಣನ ಪುಸ್ತಕಗಳ ಧೂಳು ಹೊಡೆದುಕೊಂಡು ಇದ್ದವಳು. ಹಲ್ಲಕ್ಕನೂ ನಕ್ಕಳು. ನಗದೆ ಏನು ಮಾಡುವುದು?

ಸರದಿ ಬರುವ ಹಾಗೆಯೇ ಆಯಿತು. ಪ್ರೊಫೆಸರ್ ತನ್ನ ಕೊನೆಯ, ಎಲ್ಲಕ್ಕಿಂತ ದಪ್ಪನೆಯ ಪುಸ್ತಕ ಮುಗಿಸುತ್ತಿದ್ದ. ಹಿಂದಿನ ಕಾಲದ ಫ್ರೆಂಚ್ ಹೆಂಗಸರ ಮೇಲೆ ಅದು: ತಮ್ಮ ಮನೆಯ ದಿವಾನಖಾನೆಗೆ ಚಿಂತಕರನ್ನು ಕರೆದು, ಕೂರಿಸಿ, ಮಾತಾಡಿಸಿ, ಒಂದು ದೇಶದ ರಾಜಕೀಯ ವಿಚಾರವನ್ನೆಲ್ಲ ಹೊತ್ತು ಹೆತ್ತವರು, ಆದರೆ ಯಾವ ಪುಸ್ತಕದ ಮೇಲೂ ಹೆಸರಿಲ್ಲದವರು. ಪ್ರೂಫನ್ನು ಹಲ್ಲಕ್ಕ ಕೆಮ್ಮುತ್ತಲೇ ಓದಿದಳು. ಕೊನೆಯ ಅಧ್ಯಾಯಕ್ಕೆ ಬರುವಾಗ ಜ್ವರ ನೆತ್ತಿಗೇರಿತ್ತು. "ಇದೊಂದು ಮುಗಿಸಿಬಿಡು," ಎಂದ ಪ್ರೊಫೆಸರ್. ಮುಗಿಸಿದಳು. ಮಾರನೆಯ ದಿನ ಆಸ್ಪತ್ರೆಗೆ ಸೇರಿಸಿದರು. ಎರಡೂ ಶ್ವಾಸಕೋಶದಲ್ಲಿ ಸೋಂಕು. ವರ್ಷಗಟ್ಟಲೆ ಪ್ಲಾಸ್ಟರ್ ಪುಡಿ ಕುಡಿದ ಎದೆ ತಡೆಯಲಿಲ್ಲ. ಮೂಗಿಗೆ ಬಾಯಿಗೆ ಕೊಳವೆ. ಆಸ್ಪತ್ರೆಯ ಡಾಕ್ಟರು ಪ್ರೊಫೆಸರನನ್ನು ಹೊರಗೆ ಕರೆದು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಎಂದರು.

ಅವನು ಮನಸ್ಸು ಗಟ್ಟಿ ಮಾಡಿಕೊಂಡ. ಪುಸ್ತಕದ ಎಲ್ಲ ಹಾಳೆಗಳೂ ಪ್ರೆಸ್ಸಿಗೆ ಹೋಗಿದ್ದವು, ಅರ್ಪಣೆಯ ಪುಟ ಒಂದೇ ಬಾಕಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಪುಟ ಬರೆದು ಪ್ರಕಾಶಕನಿಗೆ ಕಳಿಸಿದ.

ಆದರೆ ಹಲ್ಲಕ್ಕ ಸಾಯಲಿಲ್ಲ. ಡಾಕ್ಟರರೇ ಬಾಯಲ್ಲಿ ಬೆರಳಿಡುವ ಹಾಗೆ ಚೇತರಿಸಿಕೊಂಡಳು. ಕೊಳವೆ ತೆಗೆದರು, ಕೂರಿಸಿದರು, ನಡೆಸಿದರು, ಕೊನೆಗೆ ಮನೆಗೆ ಕಳಿಸಿದರು. ಗಂಡ ಕರೆದುಕೊಂಡು ಹೋಗಲು ಬಂದ, ಆದರೆ ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೇ ನೋಡುತ್ತಿದ್ದ. ಸುಸ್ತಾಗಿರಬೇಕು ಪಾಪ ಎಂದುಕೊಂಡಳು.

ವಿಷಯ ಹೇಳಿದವಳು ನಾದಿನಿ. ಹೇಳಿದಳು ಎನ್ನುವುದಕ್ಕಿಂತ ಬಡಿಸಿದಳು ಎನ್ನಬೇಕು. ಹೊಸ ಪುಸ್ತಕವನ್ನು ಹಾಸಿಗೆಯ ಹತ್ತಿರವೇ ತಂದು, ಮೊದಲ ಪುಟ ಬಿಡಿಸಿ, ಅವಳ ಮಡಿಲಲ್ಲಿಟ್ಟು, "ಅತ್ತಿಗೆ, ಅಂತೂ ನಿಮ್ಮ ಹೆಸರು ಬಂತು ನೋಡಿ," ಎಂದಳು.

ಅಲ್ಲಿ ಅವಳ ಪೂರ್ತಿ ಹೆಸರಿತ್ತು. ಅದರ ಮೇಲೆ ಹೀಗಿತ್ತು: "ನನ್ನ ಎಲ್ಲ ಪುಸ್ತಕಗಳಿಗೂ ತನ್ನ ದನಿ ಕೊಟ್ಟು, ಈಗ ನನ್ನನ್ನು ಮೌನದಲ್ಲಿ ಬಿಟ್ಟುಹೋದ ಹೆಂಡತಿಯ ನೆನಪಿಗೆ."

ಓದಿದ ತಕ್ಷಣ ಅವಳಿಗಾದದ್ದು ಸಿಟ್ಟಲ್ಲ, ಸಂತೋಷ. ಅವನಿಗೆ ಗೊತ್ತಿತ್ತು! ಅಷ್ಟು ವರ್ಷ ಅವಳು ಕೂತು ಓದಿದ್ದು, ಕೆಮ್ಮುತ್ತ ಓದಿದ್ದು, ಎಲ್ಲ ಅವನ ಗಮನದಲ್ಲಿತ್ತು. ಎದೆ ತುಂಬಿ ಬಂತು. ಎರಡನೇ ಸಲ ಓದಿದಾಗ ತಾನು ಸತ್ತಿರುವುದು ಕಂಡಿತು. ಮೂರನೇ ಸಲ ಓದಿದಾಗ, ತಾನು ಬದುಕಿದ್ದರೆ ಈ ಮಾತು ಅವನ ಬಾಯಿಂದ ಎಂದೂ ಬರುತ್ತಿರಲಿಲ್ಲ ಎಂಬುದು ಕಂಡಿತು. ಆ ಮೂರನೆಯದು ಎದೆಗೆ ಚುಚ್ಚಿ ಅಲ್ಲೇ ನಿಂತಿತು.

ಸಂಜೆ ಗಂಡನನ್ನು ಕೇಳಿದಳು. "ಈ ಪುಟ ಬದಲಾಯಿಸ್ತೀರಾ?"

"ಪ್ರಿಂಟಾಗಿದೆ, ಬೈಂಡಾಗಿದೆ, ಪ್ರಶಸ್ತಿ ಸಮಿತಿಯವರ ಕೈಗೆ ಹೋಗಿದೆ."

"ಒಂದು ಚೀಟಿ ಅಂಟಿಸಬಹುದಲ್ಲ. ಹೆಂಡತಿಗೆ ಅಂತ ಇದ್ರೆ ಸಾಕು. ನೆನಪಿಗೆ ಅನ್ನೋದು ಬೇಡ."

"ಚೀಟಿ ಅಂಟಿಸಿ ಏನಂತ ಹೇಳಲಿ? ಹೆಂಡತಿ ಸತ್ತಿದ್ದಳು, ಈಗ ಬದುಕಿದಾಳೆ, ಅಂತಲಾ? ಊರು ನಗತ್ತೆ." ಆಮೇಲೆ ಅಂದ, "ನೀನು ಸಾಯಲಿಲ್ಲ ಅನ್ನೋದು ನನ್ನ ತಪ್ಪಾ?"

ಈ ಮಾತನ್ನು ಅವನು ಸಿಟ್ಟಿನಿಂದ ಆಡಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವನ ಹಾಗೆ ಅವಳ ಮುಖ ನೋಡಿದ.

ಪ್ರಕಾಶಕ ಒಂದು ದಿನ ಹಣ್ಣಿನ ಬುಟ್ಟಿ ಹಿಡಿದು ದುಃಖ ಹಂಚಿಕೊಳ್ಳಲು ಮನೆಗೇ ಬಂದ. ಬಾಗಿಲು ತೆಗೆದವಳು ಹಲ್ಲಕ್ಕ. "ಅವರ ತಂಗೀನಾ ತಾವು?" ಎಂದು ಕೇಳಿದ. ಅಲ್ಲ, ಹೆಂಡತಿ ಎಂದಳು. ಅವನು ಬುಟ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದ. ಪ್ರೊಫೆಸರ್ ಎಂದೂ ಅವಳನ್ನು ಸಭೆಗೆ ಕರೆದೊಯ್ದವನಲ್ಲ, ಯಾರನ್ನೂ ಮನೆಗೆ ಕರೆದವನಲ್ಲ. ಪುಸ್ತಕ ಓದುವವರಿಗೆ ಅವಳ ಮುಖ ಗೊತ್ತಿರಲಿಲ್ಲ. ಅವಳ ಮುಖ ಗೊತ್ತಿದ್ದ ಬೀದಿಯವರು ಫ್ರೆಂಚ್ ವಿಚಾರದ ಪುಸ್ತಕ ಓದುವವರಲ್ಲ. ಒಂದೇ ಮನೆಯ ಮುಂಬಾಗಿಲಲ್ಲಿ ಅವಳು ಸತ್ತಿದ್ದಳು, ಹಿಂಬಾಗಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪ್ರಕಾಶಕ ಸಾವರಿಸಿಕೊಂಡು, ಬುದ್ಧಿವಂತನಾದ್ದರಿಂದ ಬೇಗನೇ ಸಾವರಿಸಿಕೊಂಡು, ಹೇಳಿದ:

"ಅಮ್ಮಾ, ತಪ್ಪು ತಿಳೀಬೇಡಿ. ಆ ಪುಟ ಓದಿ ಜನ ಅಂಗಡೀಲೇ ನಿಂತು ಅಳ್ತಿದಾರೆ. ಅಂಥ ಪುಟಕ್ಕೆ ಚೀಟಿ ಅಂಟಿಸಿದ್ರೆ ಪಾಪ ಬರತ್ತೆ. ಎರಡನೇ ಮುದ್ರಣದಲ್ಲಿ ನೋಡೋಣ." ಹೋಗುವಾಗ ಹಣ್ಣಿನ ಬುಟ್ಟಿಯನ್ನು ಅವಳ ಕೈಗೇ ಕೊಟ್ಟ.

ಪುಸ್ತಕದ ಸಮಾರಂಭದ ದಿನ ಗೊತ್ತಾಯಿತು. ಪ್ರೊಫೆಸರ್ ಹೇಳಿದ, "ನೀನು ಬರಬೇಡ. ಈ ಗಲಾಟೆ ಮುಗೀಲಿ."

"ಬರಲ್ಲ," ಎಂದಳು. "ನೀವು ವೇದಿಕೆ ಮೇಲೆ ಒಂದು ಮಾತು ಹೇಳಿ. ಹೆಂಡತಿ ಹುಷಾರಾದಳು ಅಂತ. ಅಷ್ಟು ಸಾಕು, ಜನ ಸಂತೋಷ ಪಡ್ತಾರೆ. ಯಾಕೆ ನಗ್ತಾರೆ?"

"ಸಂದರ್ಭ ಬಂದ್ರೆ ಹೇಳ್ತೀನಿ."

ಆ ಅರೆಬರೆ ಮಾತನ್ನೇ ಹಿಡಿದುಕೊಂಡು ಅವಳು ದಿನ ಕಳೆದಳು. ಕೆಲಸಕ್ಕೂ ಹೋಗತೊಡಗಿದಳು.

ಸಮಾರಂಭದ ಬೆಳಿಗ್ಗೆ ಪ್ರೊಫೆಸರ್ ಹಲ್ಲು ತೊಳೆಯುವಾಗ ಮೇಲಿನ ಸೆಟ್ ಕೈಜಾರಿ ಬಚ್ಚಲ ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ಕರವಸ್ತ್ರದಲ್ಲಿ ಸುತ್ತಿಕೊಂಡು, ಬಾಯಿಗೆ ಶಾಲು ಮುಚ್ಚಿಕೊಂಡು, ಆ ಹಿಂದಿನ ಕೋಣೆಗೆ ಓಡಿಬಂದ. ತುಂಡುಗಳನ್ನು ಮೇಜಿನ ಮೇಲಿಟ್ಟು, "ಬೇಗ," ಎಂದ. ಹಲ್ಲಿಲ್ಲದ ಬಾಯಲ್ಲಿ ಅದು ಬೇರೇನೋ ಆಗಿ ಬಂತು.

ಹಲ್ಲಕ್ಕ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಚು ಚೊಕ್ಕವಾಗಿತ್ತು. ಕಪಾಟಿನಲ್ಲಿ ಅಚ್ಚಿತ್ತು. ಮಧ್ಯಾಹ್ನದೊಳಗೆ ಆಗುವ ಕೆಲಸ.

"ಇವತ್ತು ಹೇಳ್ತೀರಲ್ಲ?" ಎಂದು ಕೇಳಿದಳು.

"ಮೊದಲು ಹಲ್ಲು ಮಾಡು."

"ಮೊದಲು ಹೇಳ್ತೀನಿ ಅನ್ನಿ."

"ಹುಚ್ಚು ಹಿಡಿದಿದೆಯಾ? ಅಷ್ಟು ಜನ ಅಳ್ತಾ ಕೂತಿರೋವಾಗ ನೀನು ಇದೀಯ ಅಂದ್ರೆ ನನ್ನ ಗತಿಯೇನು? ಸುಳ್ಳುಗಾರ ಅಂತಾರೆ." ಅವನ ಬಾಯಿಯಿಂದ ಎಂಜಲು ಸಿಡಿಯಿತು. "ಅವರಿಗೆಲ್ಲ ನೀನು ಸತ್ತಿದೀಯ. ಸತ್ತಂಗೇ ಇರು ಸ್ವಲ್ಪ ದಿನ. ಏನು ಕಳ್ಕೋತೀಯ?"

ಅವಳು ಎರಡು ತುಂಡನ್ನೂ ಮತ್ತೆ ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟಳು. "ಸತ್ತೋರು ಹಲ್ಲು ಕಟ್ಟಲ್ಲ, ರೀ."

ಬಾಯಿಸತ್ತ ಹೆಂಗಸು ಎಂದು ಹೆಸರಾದವಳ ಬಾಯಿಂದ ಇಂಥ ಮಾತು! ಯಜಮಾನರು ತಮ್ಮ ಮೂಲೆಯಲ್ಲಿ ಪ್ಲಾಸ್ಟರ್ ಕಲಸುವುದನ್ನು ನಿಲ್ಲಿಸಿದರು. ಪ್ರೊಫೆಸರ್ ಶಾಲು ಎಳೆದುಕೊಂಡು ಹೊರಟುಹೋದ.

ಅವನು ಹೋದ ಮೇಲೆ ಅವಳಿಗೆ ಸಮಾಧಾನವಾಗಲಿಲ್ಲ. ಹೆಂಗರುಳು ಎನ್ನಿ, ಹೆಡ್ಡತನ ಎನ್ನಿ, ಊಟದ ಹೊತ್ತಿಗೆ ಕರಗಿಹೋದಳು. ಜೀವಮಾನದ ಪುಸ್ತಕ, ಜೀವಮಾನದ ಸಭೆ, ಬೊಚ್ಚುಬಾಯಿಯಲ್ಲಿ ನಿಲ್ಲುತ್ತಾನಲ್ಲ ಎಂದುಕೊಂಡಳು. ಕಪಾಟಿನಿಂದ ಅವನ ಅಚ್ಚು ಇಳಿಸಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬೇಗ ಗಟ್ಟಿಯಾಗುವ ಪುಡಿಯನ್ನೂ ಅದರ ದ್ರವದ ಸೀಸೆಯನ್ನೂ ಜೊತೆಗಿಟ್ಟುಕೊಂಡಳು. ವೇದಿಕೆಯ ಹಿಂದೆ ಕೂತಾದರೂ ಬೆಸೆದುಕೊಡೋಣ ಎಂದು ಹೊರಟಳು. ಬಸ್ಸು ತಡವಾಯಿತು. ಅವಳು ಸಭಾಂಗಣ ಮುಟ್ಟುವಾಗ ಒಳಗೆ ಭಾಷಣ ಶುರುವಾಗಿಬಿಟ್ಟಿತ್ತು. ಹಿಂದಿನ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿಯ ಮೇಲೆ ಚೀಲ ತಬ್ಬಿಕೊಂಡು ಕೂತಳು.

ಪ್ರೊಫೆಸರ್ ಮೈಕಿನ ಮುಂದೆ ನಿಂತಿದ್ದ. ತುಟಿ ಒಳಗೆ ಹೋಗಿ ಮುಖ ಒಂದೇ ದಿನದಲ್ಲಿ ಮುದಿಯಾಗಿತ್ತು. ಹೆಸರಿಲ್ಲದೆ ಹೋದ ಆ ಫ್ರೆಂಚ್ ಹೆಂಗಸರ ಬಗ್ಗೆ ಹೇಳುತ್ತಿದ್ದ. "ಅವರು ಇದ್ದಾಗ... ಯಾರೂ... ನೋಡಲಿಲ್ಲ..." ಮಾತು ತೊದಲುತ್ತಿತ್ತು, ಎಂಜಲು ನುಂಗಲು ನಿಲ್ಲುತ್ತಿದ್ದ, ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಫ್ರೆಂಚ್ ಹೆಸರುಗಳು ಬರೀ ಗಾಳಿಯಾಗಿ ಹೊರಡುತ್ತಿದ್ದವು. ಜನ ನಗುತ್ತಾರೆ ಎಂದು ಹಲ್ಲಕ್ಕ ಕಣ್ಣು ಮುಚ್ಚಿಕೊಂಡಳು.

ಯಾರೂ ನಗಲಿಲ್ಲ. ಕಣ್ಣು ತೆರೆದು ನೋಡಿದರೆ ಸಭೆಗೆ ಸಭೆಯೇ ಮೂಗು ಒರೆಸಿಕೊಳ್ಳುತ್ತಿತ್ತು. ಪ್ರಕಾಶಕ ಎದ್ದು ಬಂದು ಪ್ರೊಫೆಸರನ ಹೆಗಲ ಮೇಲೆ ಕೈಯಿಟ್ಟು ಮೈಕಿಗೆ ಬಾಗಿದ. "ನೋಡಿ, ಇದು ದುಃಖ ಅಂದ್ರೆ. ಅಷ್ಟು ದೊಡ್ಡ ಮಾತುಗಾರನಿಗೆ ಇವತ್ತು ಮಾತೇ ಹೊರಡ್ತಿಲ್ಲ." ಚಪ್ಪಾಳೆ ಮಳೆಯ ಹಾಗೆ ಸುರಿಯಿತು. ಪ್ರೊಫೆಸರ್ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಅವನಿಗೂ ಅರ್ಥವಾಯಿತು. ತಲೆ ತಗ್ಗಿಸಿ, "ಅವಳು..." ಎಂದು ನಿಲ್ಲಿಸಿದ. ಹೇಳುವುದಿದ್ದರೆ ಅದೇ ಸಂದರ್ಭ. ಹಲ್ಲಕ್ಕ ಕುರ್ಚಿಯ ತುದಿಗೆ ಬಂದಳು. ಅವನು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡ.

ಅವಳ ಪಕ್ಕದಲ್ಲಿದ್ದ ಹೆಂಗಸು ಬಿಕ್ಕುತ್ತ, "ಎಂಥ ಪುಣ್ಯವಂತೆ ಅಲ್ವಾ ಆಯಮ್ಮ. ಹೀಗೆ ನೆನೆಸ್ಕೊಳ್ಳೋ ಗಂಡ ಯಾರಿಗಿದಾನೆ ಹೇಳಿ," ಎಂದಳು. ಹಲ್ಲಕ್ಕ ಹೌದು ಎಂದು ತಲೆಯಾಡಿಸಿದಳು. ಅವಳು ಹಿಡಿದ ಹಟವೇ ಅವನಿಗೆ ಕಿರೀಟವಾಗಿತ್ತು.

ಸಭೆ ಮುಗಿದ ಮೇಲೆ ಸಹಿ ಹಾಕಿಸಿಕೊಳ್ಳುವವರ ಸಾಲು. ಅವಳೂ ಒಂದು ಪುಸ್ತಕ ಕೊಂಡು ಸಾಲಿನಲ್ಲಿ ನಿಂತಳು. ಇಡೀ ಸಭೆಗೆ ಹೇಳುವುದು ಬೇಡ, ಅವನೊಬ್ಬನ ಕಣ್ಣಿಗೆ ಬಿದ್ದರೆ ಸಾಕು. ತನ್ನ ಕಣ್ಣು ನೋಡಿ ಅವನು "ಬಂದೆಯಾ" ಅಂದರೂ ಸಾಕು ಎಂದುಕೊಂಡಳು. ಮುಂದೆ ಮುಂದೆ ಸರಿದು ಮೇಜಿನ ಹತ್ತಿರ ಬಂದಳು. ಪುಸ್ತಕವನ್ನು ಅರ್ಪಣೆಯ ಪುಟಕ್ಕೇ ಬಿಡಿಸಿ ಮುಂದಿಟ್ಟಳು.

ಪ್ರೊಫೆಸರ್ ತಲೆ ಎತ್ತಿದ. ನೋಡಿದ. ಚೆನ್ನಾಗಿಯೇ ನೋಡಿದ. ಪಕ್ಕದಲ್ಲಿ ಪ್ರಕಾಶಕ ನಿಂತಿದ್ದ, ಅವಳ ಹಿಂದೆ ಇನ್ನೂ ಅಷ್ಟುದ್ದ ಸಾಲು. ಪ್ರಕಾಶಕ ಬೇರೆ ಕಡೆ ನೋಡತೊಡಗಿದ. ಪ್ರೊಫೆಸರ್ ಪೆನ್ನು ಎತ್ತಿಕೊಂಡು, ತುಂಬ ಮೃದುವಾಗಿ ಕೇಳಿದ:

"ಹೆಸರು?"

ಅವಳ ಹೆಸರು ಅವನ ಬೆರಳಿನ ಕೆಳಗೇ ಪ್ರಿಂಟಾಗಿತ್ತು. ಅವನು ಒಂದು ಕ್ಷಣ ಕಾದು, ಬರೀ ತನ್ನ ಸಹಿ ಹಾಕಿ, ಪುಸ್ತಕ ಮುಚ್ಚಿ ಅವಳ ಕಡೆ ಸರಿಸಿ, "ಮುಂದಿನೋರು," ಎಂದ.

ಹಲ್ಲಕ್ಕ ಸೀದಾ ಕೆಲಸದ ಕೋಣೆಗೆ ಬಂದಳು. ಯಜಮಾನರು ಬಾಗಿಲು ಹಾಕುವುದರಲ್ಲಿದ್ದರು. ಅವಳು ಚೀಲದಿಂದ ಅಚ್ಚು ತೆಗೆದು ಕಲ್ಲಿನ ಮೇಲಿಟ್ಟು, ಸುತ್ತಿಗೆ ಎತ್ತಿ, ಒಂದೇ ಏಟಿಗೆ ಒಡೆದಳು. ಚೂರುಗಳನ್ನು ಗುಡಿಸಿ ಬುಟ್ಟಿಗೆ ಹಾಕಿದಳು.

"ಯಾರಮ್ಮಾ ಹೋದ್ರು?" ಯಜಮಾನರು ಕೇ‌ಳಿದರು.

"ನಮ್ಮ ಮನೆಯೋರು."

"ಅಯ್ಯೋ! ಬೆಳಿಗ್ಗೆ ಬಂದಿದ್ರಲ್ಲಮ್ಮಾ. ಯಾವಾಗ?"

"ಈಗ ಸಂಜೆ. ಪುಸ್ತಕಕ್ಕೆ ಸಹಿ ಹಾಕ್ತಾ ಹಾಕ್ತಾ."

ಯಜಮಾನರು ಅವಳ ಮುಖ ನೋಡಿದರು, ಬುಟ್ಟಿ ನೋಡಿದರು. ಕ್ಲಿನಿಕ್ಕಿನ ಮೇಲಿದ್ದ ಖಾಲಿ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು. ಅವಳು ಆಮೇಲೆ ಆ ಕೋಣೆಯಲ್ಲೇ ಇದ್ದಳು. ಬಟ್ಟೆಬರೆಯನ್ನು ನಾದಿನಿ ಗಂಟು ಕಟ್ಟಿ ಕಳಿಸಿದಳು. ಜೊತೆಗೆ ಸತ್ತ ಬೆಕ್ಕಿನ ಹಾಲಿನ ಬಟ್ಟಲನ್ನೂ ಇಟ್ಟಿದ್ದಳು, ಯಾಕೋ ಅವಳಿಗೇ ಗೊತ್ತು.

ಪ್ರೊಫೆಸರ್ ಎರಡು ಮೂರು ದಿನ ಬರಲಿಲ್ಲ. ಅಷ್ಟು ದಿನ ಸಂತಾಪ ಸೂಚಿಸುವವರು ಬಿಡಲಿಲ್ಲ. ಬಂದಾಗ ಕರವಸ್ತ್ರ ಬಿಚ್ಚಿ ತೋರಿಸಿದ. ಅಭಿಮಾನಿಗಳು ಅಪ್ಪಿಕೊಂಡ ರಭಸಕ್ಕೆ ಕೋಟಿನ ಜೇಬಿನಲ್ಲಿದ್ದ ಎರಡು ತುಂಡು ಪುಡಿಪುಡಿಯಾಗಿತ್ತು. ಹೊಸದೇ ಆಗಬೇಕು. ಪ್ರಶಸ್ತಿ ಬಂದಿದೆ, ಮುಂದಿನ ತಿಂಗಳು ಹೊರದೇಶದವರ ಎದುರು ಫ್ರೆಂಚಿನಲ್ಲೇ ಮಾತಾಡಬೇಕು ಎಂದು ಯಜಮಾನರಿಗೆ ಹೇಳಿದ. ಅವಳಿಗೆ ಹೇಳಲಿಲ್ಲ. ಕುರ್ಚಿಯಲ್ಲಿ ಕೂತ.

ಹಲ್ಲಕ್ಕ ಅಳತೆಯ ತಟ್ಟೆಗೆ ಗುಲಾಬಿ ಬಣ್ಣದ ಹಿಟ್ಟು ತುಂಬಿಕೊಂಡು ಬಂದಳು. "ಹೆಸರು?" ಎಂದು ಕೇಳಿದಳು. ಹೊಸ ಗಿರಾಕಿಗಳನ್ನೆಲ್ಲ ಕೇಳುವ ಹಾಗೆಯೇ, ಅದೇ ದನಿಯಲ್ಲಿ.

"ಏನೇ ಇದು ನಾಟಕ? ನನ್ನ ಅಚ್ಚಿದೆಯಲ್ಲ ಮೇಲೆ."

"ಒಡೆದಾಯ್ತು. ಇಲ್ಲಿ ಯಾವಾಗ ಒಡೀತಾರೆ ಅಂತ ನಿಮಗೆ ಗೊತ್ತಿರೋದೇ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಟ್ಟೆಯನ್ನು ಒಳಗಿಟ್ಟು ಒತ್ತಿ ಹಿಡಿದಳು. ಹಿಟ್ಟು ಗಟ್ಟಿಯಾಗುವ ತನಕ ಅವನು ಅವಳ ಕೈಯ ಕೆಳಗೆ, ಬಾಯಿ ತುಂಬಿಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದ. ಮದುವೆಯಾದ ಮೇಲೆ ಅವನು ಅವಳ ಮಾತು ಕೇಳಬಹುದಾಗಿದ್ದ ಹೊತ್ತು ಅದೊಂದೇ. ಅವಳು ಏನೂ ಮಾತಾಡಲಿಲ್ಲ.

ಹೊಸ ಸೆಟ್ ಚೆನ್ನಾಗಿ ಬಂತು. ಎಲ್ಲೂ ಒತ್ತಲಿಲ್ಲ, ಅಲ್ಲಾಡಲಿಲ್ಲ, ಬಣ್ಣವೂ ಹೊಂದಿತು. ಯಜಮಾನರೇ ಪರೀಕ್ಷಿಸಿ ಮೆಚ್ಚಿದರು. ಪ್ರೊಫೆಸರ್ ಹಾಕಿಕೊಂಡು, ಕಚ್ಚಿ ನೋಡಿ, ಗೋಡೆಯ ಕನ್ನಡಿಯ ಮುಂದೆ ನಿಂತು ಫ್ರೆಂಚಿನಲ್ಲಿ ಒಂದು ವಾಕ್ಯ ಶುರುಮಾಡಿದ. ಸೀಟಿ ಹೊಡೆಯಿತು. ಇನ್ನೊಂದು ಸಲ ಹೇಳಿದ. ಮತ್ತೆ ಸೀಟಿ. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

"ಮುಂದಿನ ಹಲ್ಲು," ಎಂದ ಅವನು. ದನಿ ಈಗ ಬೇಡುವವನ ದನಿಯಾಗಿತ್ತು. "ಆವಾಗ ಮಾಡಿದ್ಯಲ್ಲ, ಒಂದು ಚೂರು ಮುಂದಕ್ಕೆ. ಹಾಗೆ ಮಾಡು."

ಹಲ್ಲಕ್ಕ ಚಾಕುವಿಗೆ ಅಂಟಿದ ಮೇಣವನ್ನು ಬಟ್ಟೆಯಿಂದ ಒರೆಸಿದಳು.

"ಎಲ್ಲರಿಗೂ ಎಲ್ಲಿ ಕೂರಿಸ್ತೀನೋ ಅಲ್ಲೇ ಕೂರಿಸಿದೀನಿ. ಆ ಚೂರು ನನ್ನ ಗಂಡನಿಗೆ ಮಾತ್ರ ಮಾಡ್ತಿದ್ದೆ. ಅವರು ತೀರಿಕೊಂಡ್ರು."

ಅವಳು ಬಾಗಿಲ ಕಡೆ ತಿರುಗಿ ಮುಂದಿನವರನ್ನು ಕರೆದಳು.